ಯು ಇಲ್ಲದ ಕ್ಯೂ

ಇಂಗ್ಲೆಂಡಿನ ನಮ್ಮ ಪುಟ್ಟ ಊರು ಸ್ಕಾರ್ಬೆಕ್‌ನಲ್ಲಿ ಇಂಗ್ಲಿಷ್ ಶಬ್ದಗಳು ಯಾರಿಗೆ ಹೆಚ್ಚು ಗೊತ್ತು ಎಂದು ಕೇಳಿದರೆ ಎಲ್ಲರೂ ಸೆಡ್ರಿಕ್ ಹೆಪ್‌ವರ್ತ್‌ನ ಹೆಸರು ಹೇಳುತ್ತಿದ್ದರು. ಹೇಳುವುದು ಸ್ವಲ್ಪ ತಡವಾದರೆ ಅವನೇ ಹೇಳಿಕೊಳ್ಳುತ್ತಿದ್ದ. ನಾನೂ ಅವನೂ ಒಂದೇ ಶಾಲೆಯಲ್ಲಿ ಕಲಿತವರು. ಆಗ ಅವನಿಗೆ ಕಾಗುಣಿತ ಬರುತ್ತಿರಲಿಲ್ಲ. ಆಮೇಲೆ ಪುರಸಭೆಯ ವಾಹನ ನಿಲುಗಡೆ ವಿಭಾಗಕ್ಕೆ ಸೇರಿದ. ಜನರ ಕಾರಿನ ಗಾಜಿಗೆ ದಂಡದ ಚೀಟಿ ಅಂಟಿಸುತ್ತ ಅಂಟಿಸುತ್ತಲೇ ಮೇಲೇರಿ ಆ ವಿಭಾಗದ ಮುಖ್ಯಸ್ಥನಾಗಿ ನಿವೃತ್ತನಾದ. ನಿಯಮ ಎಂದರೆ ಅವನಿಗೆ ಪ್ರಾಣ. ನಿವೃತ್ತಿಯ ನಂತರ ದಂಡ ಹಾಕಲು ಯಾರೂ ಸಿಗದೆ ಕೈ ತುರಿಸತೊಡಗಿದಾಗ ಅಕ್ಷರದ ಬಿಲ್ಲೆ ಜೋಡಿಸಿ ಶಬ್ದ ಕಟ್ಟುವ ಸ್ಕ್ರ್ಯಾಬಲ್ ಆಟದ ನಮ್ಮೂರ ಕ್ಲಬ್ಬಿಗೆ ಅಧ್ಯಕ್ಷನಾದ.

ಕ್ಲಬ್ ಸೇರುವುದು ಬುಧವಾರ ಮಧ್ಯಾಹ್ನ, ಮೆಥಡಿಸ್ಟ್ ಚರ್ಚಿನ ಹಿಂಬದಿಯ ಹಾಲ್‌ನಲ್ಲಿ. ಚಹಾ ಮಾಡಿ ಶುಂಠಿ ಬಿಸ್ಕೆಟ್ ಹಂಚುವುದು ನನ್ನ ಕೆಲಸ. ನಡುನಡುವೆ ಆಡುವುದೂ ಉಂಟು, ಆದರೆ ನನ್ನ ಕೈಗೆ ಎಂಥ ಅಕ್ಷರ ಬಂದರೂ ಬೆಕ್ಕು, ಹಾಲು, ಬಾಗಿಲು ಎಂಬಂಥ ಬಡ ಶಬ್ದಗಳೇ ಹಲಗೆಯ ಮೇಲೆ ಕೂರುತ್ತಿದ್ದವು.

"ಥೆಲ್ಮಾ, ನಿಂದು ಬರೀ ಅಡುಗೆಮನೆ ಇಂಗ್ಲಿಷು ಕಣೇ," ಎನ್ನುತ್ತಿದ್ದ ಸೆಡ್ರಿಕ್.

ಉಳಿದವರ ಇಂಗ್ಲಿಷ್ ಅಂಥದ್ದಲ್ಲ. ಯು ಇಲ್ಲದೆ ಬರೀ ಕ್ಯೂ ಬರುವ ಶಬ್ದಗಳು, ಸ್ವರವೇ ಇಲ್ಲದ ಶಬ್ದಗಳು, ಜೆಡ್ಡಿನಿಂದ ಶುರುವಾಗಿ ಎಕ್ಸಿನಲ್ಲಿ ಮುಗಿಯುವ ಶಬ್ದಗಳು, ಎಲ್ಲ ಅವರ ನಾಲಿಗೆಯ ತುದಿಯಲ್ಲಿ. ಅವುಗಳ ಅರ್ಥವೇನು ಎಂದು ಕೇಳುವುದು ಮಾತ್ರ ನಮ್ಮ ಕ್ಲಬ್ಬಿನಲ್ಲಿ ಅಸಭ್ಯತೆ. ಮೊದಲ ಸಲ ಮನೆಗೆ ಬಂದ ನೆಂಟರನ್ನು ನಿಮ್ಮ ಸಂಬಳ ಎಷ್ಟು ಎಂದು ಕೇಳಿದ ಹಾಗೆ. ನಿವೃತ್ತ ಭೂಗೋಳ ಮೇಷ್ಟ್ರು ಹಂಫ್ರಿ ಟಟಲ್ ಒಮ್ಮೆ 'ಬ್ರ್ಯಾಕ್ಸಿ' ಎಂಬ ಶಬ್ದ ಜೋಡಿಸಿ ಬಹಳ ಅಂಕ ಗಳಿಸಿದ. ಶಬ್ದ ಎಷ್ಟು ಮುದ್ದಾಗಿ ಕೇಳಿಸಿತೆಂದರೆ ಆಗಷ್ಟೇ ಹುಟ್ಟಿದ ಮೊಮ್ಮಗಳಿಗೆ ಅದೇ ಹೆಸರಿಡು ಎಂದು ಮಗಳಿಗೆ ಹೇಳಿಬಿಟ್ಟ. ಮಗಳು ನಿಘಂಟು ತೆಗೆದು ನೋಡಿದ್ದರಿಂದ ಮಗು ಪಾರಾಯಿತು. ಅದು ಕುರಿಗಳಿಗೆ ಬರುವ ರೋಗ.

ಇಂಥ ಪಂಡಿತರ ನಡುವೆ ಫೋನು ಬಂತು. ಫೋನಿನಲ್ಲಿ ಶಬ್ದ ಹುಡುಕಿಕೊಡುವ ಜಾಗಗಳಿವೆ. ಕೈಯಲ್ಲಿರುವ ಅಕ್ಷರಗಳನ್ನು ಒತ್ತಿ, ನಡುವೆ ಇಂಥದ್ದಿರಬೇಕು, ಕೊನೆಗೆ ಇಂಥದ್ದು ಬರಬೇಕು ಎಂದು ಕೇಳಿದರೆ ಸಾಕು, ಶಬ್ದಗಳು ಹಿಂಡುಹಿಂಡಾಗಿ ಬಂದು ನಿಲ್ಲುತ್ತವೆ. ಹತ್ತಿರದ ಊರುಗಳಲ್ಲಿ ಇದರಿಂದ ರಾದ್ಧಾಂತಗಳಾಗಿ ಕ್ಲಬ್ಬುಗಳೇ ಒಡೆದಿದ್ದವು. ಸೆಡ್ರಿಕ್ ಎದ್ದು ನಿಂತು ನಿಯಮ ತಂದ: ಆಟ ಶುರುವಾಗುವ ಮುಂಚೆ ಎಲ್ಲರೂ ತಮ್ಮ ಫೋನನ್ನು ಬಿಸ್ಕೆಟ್ ಡಬ್ಬಿಯೊಳಗೆ ಹಾಕಬೇಕು.

ಎಲ್ಲರೂ ಹಾಕಿದರು. ಡಬ್ಬಿ ನನ್ನ ಚಹಾ ಪಾತ್ರೆಯ ಪಕ್ಕದಲ್ಲೇ ಇರುತ್ತಿತ್ತು. ಒಂದು ದಿನ ಕುತೂಹಲಕ್ಕೆ ಮುಚ್ಚಳ ತೆಗೆದೆ. ಒಳಗೆ ಫೋನುಗಳ ಸ್ಮಶಾನ. ಗುಂಡಿ ಕಿತ್ತುಹೋದವು, ಗಾಜು ಒಡೆದವು, ಬ್ಯಾಟರಿಯೇ ಇಲ್ಲದವು. ಸೆಡ್ರಿಕ್ ಹಾಕಿದ್ದಂತೂ ಟಿ.ವಿ.ಯ ರಿಮೋಟ್. ನಿಜವಾದ ಫೋನುಗಳೆಲ್ಲ ಪ್ಯಾಂಟಿನ ಜೇಬಿನಲ್ಲಿದ್ದವು. ಅಂದಿನಿಂದ ನಮ್ಮ ಗಂಡಸರು ಶೌಚಾಲಯಕ್ಕೆ ಓಡಾಡತೊಡಗಿದರು.

ಒಬ್ಬ ಹೋಗಿ ಬಂದು ಭಾರಿ ಶಬ್ದ ಇಡುತ್ತಿದ್ದ. ಅದನ್ನು ನೋಡಿ ಎದುರಿನವನಿಗೂ ಅವಸರವಾಗುತ್ತಿತ್ತು. ಇದ್ದದ್ದು ಒಂದೇ ಶೌಚಾಲಯ. ಕೆಲವು ಬುಧವಾರ ಅದರ ಮುಂದೆ ಸಾಲು ನಿಂತು, ಒಳಗಿದ್ದವನಿಗೆ ಹೊರಗಿನವರು "ಆಯ್ತೇನಪ್ಪಾ?" ಎಂದು ಬಾಗಿಲು ಬಡಿಯುವಷ್ಟಾಗುತ್ತಿತ್ತು. ಹೆಂಗಸರೂ ಕಡಿಮೆಯೇನಲ್ಲ, ಕೋಟು ತೂಗುಹಾಕುವ ಕೋಣೆಗೆ ಕರವಸ್ತ್ರ ತರಲು ಹೋದವರು ಕತ್ತಲಲ್ಲಿ ಮುಖದ ಮೇಲೆ ನೀಲಿ ಬೆಳಕು ಬಿಟ್ಟುಕೊಂಡು ನಿಂತಿರುತ್ತಿದ್ದರು. ಎಲ್ಲರಿಗೂ ಎಲ್ಲ ಗೊತ್ತಿತ್ತು. ಯಾರೂ ಏನೂ ಹೇಳುತ್ತಿರಲಿಲ್ಲ. ಇಷ್ಟು ಸಭ್ಯರು ನಮ್ಮವರು.

ಹೀಗೆ ಸುಖವಾಗಿದ್ದಾಗ ಬ್ರಾನ್ವೆನ್ ಪ್ರಿಚರ್ಡ್ ಬಂದಳು.

ವೇಲ್ಸಿನವಳು. ಆಸ್ಪತ್ರೆಯಲ್ಲಿ ದಾದಿಯಾಗಿ ಜೀವಮಾನ ಕಳೆದು, ತಂಗಿಯ ಮನೆಯ ಹತ್ತಿರ ಇರೋಣವೆಂದು ನಮ್ಮೂರಿಗೆ ಬಂದವಳು. ದಪ್ಪ ಕಂಠ, ದೊಡ್ಡ ನಗು, ಮುಜುಗರ ಎಂಬುದೇ ಗೊತ್ತಿಲ್ಲ. ಮೊದಲನೇ ದಿನವೇ ಸೆಡ್ರಿಕ್‌ನ ಎದುರು ಆಡಲು ಕೂತಳು. ಅವನು ಸಿ, ಡಬ್ಲ್ಯು, ಎಂ ಮೂರು ಬಿಲ್ಲೆಗಳನ್ನು ಪಟಪಟನೆ ಜೋಡಿಸಿ ಹಿಂದಕ್ಕೆ ಒರಗಿದ.

"ಒಂದೂ ಸ್ವರ ಇಲ್ಲ, ನೋಡಿ. ಹೊಸಬರಿಗೆ ಇಂಥವೆಲ್ಲ ಗೊತ್ತಿರಲ್ಲ."

"ಅಯ್ಯೋ, ಕೂಮ್!" ಎಂದು ಬ್ರಾನ್ವೆನ್ ಮುಖ ಅರಳಿಸಿದಳು.

"ಏನು?"

"ಕೂಮ್ ಅಂತ ಓದ್ಬೇಕು ಅದನ್ನ. ನಮ್ಮ ಕಡೆ ಮಾತು. ಬೆಟ್ಟದ ಮಡಿಲಲ್ಲಿರೋ ಕಣಿವೆ. ನಾನು ಹುಟ್ಟಿದ್ದೇ ಅಂಥದೊಂದ್ರಲ್ಲಿ. ಚಳಿಗಾಲದಲ್ಲಿ ಬಿಸಿಲೇ ಬೀಳ್ತಿರ್ಲಿಲ್ಲ. ನೀವು ಆ ಕಡೆ ಹೋಗಿದ್ರಾ?"

"ನಾನ್ಯಾಕೆ ಹೋಗ್ಲಿ? ಹತ್ತು ಪಾಯಿಂಟು. ಬರ್ಕೊಳ್ಳಿ."

ಬ್ರಾನ್ವೆನ್ ಬರೆದುಕೊಂಡಳು. ಆದರೆ ಆವತ್ತು ಅವಳ ಕಣ್ಣು ಹಲಗೆಯ ಮೇಲಿರಲಿಲ್ಲ, ಶೌಚಾಲಯದ ಬಾಗಿಲ ಮೇಲಿತ್ತು. ಮುಂದಿನ ಬುಧವಾರವೂ ಅಷ್ಟೆ. ಅದರ ಮುಂದಿನ ವಾರ ಅವಳು ಚಹಾದ ನೆಪದಲ್ಲಿ ನನ್ನ ಬಳಿ ಬಂದು ದನಿ ತಗ್ಗಿಸಿದಳು. ಅವಳು ತಗ್ಗಿಸಿದ ದನಿ ಮಾಮೂಲಿಯಾಗಿ ಹಾಲ್‌ನ ಅರ್ಧಕ್ಕೆ ಕೇಳುತ್ತದೆ.

"ಥೆಲ್ಮಾ, ಈ ಗಂಡಸ್ರನ್ನ ನೋಡಿದೀರಾ? ಹತ್ತತ್ತು ನಿಮಿಷಕ್ಕೆ ಎದ್ದು ಹೋಗ್ತಾರೆ. ಒಳಗೆ ಹೋದೋರು ಬೇಗ ಬರಲ್ಲ. ಬರೋವಾಗ ಬೆವರಿರ್ತಾರೆ."

"ಅದು ಹಾಗಲ್ಲ ಬ್ರಾನ್ವೆನ್, ಅದು..."

"ನಾಚಿಕೆ ಅಂತೀರಾ? ಗೊತ್ತು. ನನ್ನ ಗಂಡನೂ ಹಿಂಗೇ ಮುಚ್ಚಿಟ್ಕೊಂಡ. ಏನಿಲ್ಲ ಏನಿಲ್ಲ ಅಂತಿದ್ದ. ಡಾಕ್ಟ್ರ ಹತ್ರ ಎಳ್ಕೊಂಡು ಹೋಗೋ ಹೊತ್ತಿಗೆ ಕ್ಯಾನ್ಸರ್ ಮೂಳೆಗೆಲ್ಲ ಹರಡಿತ್ತು."

ಆಮೇಲೆ ನನಗೆ ನಿಜ ಹೇಳಲು ಬಾಯಿ ಬರಲಿಲ್ಲ.

ಅವಳು ಆರೋಗ್ಯ ಕೇಂದ್ರಕ್ಕೆ ಹೋಗಿ, ಹಳೆಯ ಪರಿಚಯಗಳನ್ನೆಲ್ಲ ಹಿಡಿದು, ನಮ್ಮ ಹಾಲ್‌ಗೇ ಒಂದು ತಪಾಸಣಾ ತಂಡ ಬರುವಂತೆ ಮಾಡಿದಳು. ಆಟದ ನಡುವೆ ಎದ್ದು ನಿಂತು ಚಪ್ಪಾಳೆ ತಟ್ಟಿ ಹೇಳಿದಳು:

"ಕೇಳಿ ಎಲ್ರೂ! ಮುಂದಿನ ಬುಧವಾರ ನಮ್ಮ ಗಂಡಸರಿಗೆಲ್ಲ ರಕ್ತ ಪರೀಕ್ಷೆ. ಮೂತ್ರಕೋಶದ ಕೆಳಗಿರೋ ಪ್ರಾಸ್ಟೇಟ್ ಗ್ರಂಥಿದು. ಯಾರಿಗೆಲ್ಲ ಪದೇಪದೇ ಹೋಗೋ ತೊಂದ್ರೆ ಇದೆಯೋ ಅವರು ತಪ್ಪಿಸ್ಕೊಳ್ಳೋ ಹಾಗಿಲ್ಲ. ಯಾರ್ಯಾರು ಅಂತ ನಾನು ನೋಡಿಟ್ಕೊಂಡಿದೀನಿ. ಬರ್ಲಿಲ್ಲ ಅಂದ್ರೆ ನಿಮ್ಮ ಹೆಂಡ್ತಿಯರಿಗೆ ಫೋನ್ ಮಾಡ್ತೀನಿ. ನಾಚ್ಕೋಬೇಡ್ರಪ್ಪ, ನಾನು ನೋಡದೆ ಇರೋದು ಏನೂ ಉಳಿದಿಲ್ಲ."

ಶೌಚಾಲಯದ ಒಳಗಿನಿಂದ ಯಾರದೋ ಫೋನು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು.

ಸ್ವಲ್ಪ ಹೊತ್ತಿಗೆ ಹಂಫ್ರಿಯೂ ಸೆಡ್ರಿಕ್ಕೂ ನನ್ನ ಚಹಾ ಪಾತ್ರೆಯ ಮರೆಗೆ ಬಂದರು. ಚಹಾ ಮಾಡುವವಳಿಗೆ ಕಿವಿ ಇರುವುದಿಲ್ಲ ಎಂದು ಅವರ ನಂಬಿಕೆ.

"ಹೇಳಿಬಿಡೋಣ ಕಣೋ," ಎಂದ ಹಂಫ್ರಿ.

"ಏನಂತ?"

"ನಮಗೆ ಏನೂ ಆಗಿಲ್ಲ, ಶಬ್ದ ಹುಡುಕೋಕೆ ಹೋಗ್ತಿದ್ವಿ ಅಂತ."

"ತಲೆ ಕೆಟ್ಟಿದೆಯಾ? ಬೇಸಿಗೆಗೆ ಪಕ್ಕದೂರು ಹಾರ್ನ್‌ಥಾರ್ಪ್‌ನವರ ಜೊತೆ ಪಂದ್ಯ ಇದೆ. ರೋಗ ಬಂದಿದೆ ಅಂದ್ರೆ ಜನ ಹೂವು ತರ್ತಾರೆ. ಮೋಸ ಮಾಡ್ದ ಅಂದ್ರೆ ಏನು ತರ್ತಾರೆ, ಹೇಳು?"

ಹಂಫ್ರಿ ಯೋಚಿಸಿದ. "ಆದ್ರೆ ಸೂಜಿ..."

"ಸೂಜಿ ತಾನೆ? ಚುಚ್ಚಿಸ್ಕೋ."

ಹಾಗೆ, ನಾಲ್ಕು ಜನರ ಮುಂದೆ ಒಂದು ಸತ್ಯ ಹೇಳುವುದಕ್ಕಿಂತ ರೋಗಿಷ್ಠರಾಗುವುದೇ ಮೇಲು ಎಂದು ನಮ್ಮ ಕ್ಲಬ್ಬಿನ ಗಂಡಸರು ಒಮ್ಮತದಿಂದ ತೀರ್ಮಾನಿಸಿದರು. ಬೇರೆ ಯಾವ ವಿಷಯದಲ್ಲೂ ಅವರಲ್ಲಿ ಒಮ್ಮತ ಮೂಡಿದ್ದನ್ನು ನಾನು ಕಂಡಿಲ್ಲ.

ತಪಾಸಣೆಯ ದಿನ ಎಲ್ಲರೂ ಅಂಗಿಯ ತೋಳು ಮಡಚಿಕೊಂಡು ಸಾಲಾಗಿ ಕೂತರು. ಸಣ್ಣ ವಯಸ್ಸಿನ ಡಾಕ್ಟರಮ್ಮ ಒಬ್ಬಳು ಪ್ರತಿಯೊಬ್ಬರನ್ನೂ ವಿಚಾರಿಸಿದಳು. ಬ್ರಾನ್ವೆನ್ ಪಕ್ಕದಲ್ಲೇ ನಿಂತಿದ್ದರಿಂದ ಯಾರೂ ಹಿಂದೆ ಸರಿಯುವ ಹಾಗಿರಲಿಲ್ಲ. "ಹೂಂ, ಪದೇಪದೇ ಹೋಗ್ಬೇಕಾಗತ್ತೆ." "ಹೂಂ, ತಡ್ಕೊಳಕ್ಕಾಗಲ್ಲ." ಹಂಫ್ರಿ ಸುಳ್ಳು ಹೇಳುವುದರಲ್ಲೂ ಮೇಷ್ಟ್ರೇ. ವಿವರ ಜಾಸ್ತಿ ಕೊಟ್ಟುಬಿಟ್ಟ. ಡಾಕ್ಟರಮ್ಮ ಅವನ ಕೈಗೆ ಅಳತೆಯ ಗೆರೆಗಳಿದ್ದ ಒಂದು ದೊಡ್ಡ ಜಗ್ಗು ಕೊಟ್ಟು, ಮನೆಯಲ್ಲಿ ಪ್ರತಿ ಸಲವೂ ಅದರಲ್ಲೇ ಹೊಯ್ದು ಅಳೆಯಬೇಕು ಎಂದಳು. ಹೆಂಡತಿಯ ಮುಂದೆ ಆ ಜಗ್ಗು ಹಿಡಿದು ಓಡಾಡಿದ ವಾರವನ್ನು ಹಂಫ್ರಿ ಇವತ್ತಿಗೂ ನೆನೆಯಲು ಇಷ್ಟಪಡುವುದಿಲ್ಲ. ಆಮೇಲೆ ಕೊಟ್ಟ ಮಾತ್ರೆಗೆ ರಕ್ತದೊತ್ತಡ ಇಳಿದು ಗ್ರಂಥಾಲಯದ ಮೆಟ್ಟಿಲ ಮೇಲೆ ತಲೆ ತಿರುಗಿ ಕೂತದ್ದು ಬೇರೆ.

ಎಲ್ಲರ ರಕ್ತವೂ ಚೆನ್ನಾಗಿತ್ತು, ಒಬ್ಬನದ್ದು ಬಿಟ್ಟು.

ಸೆಡ್ರಿಕ್‌ನನ್ನು ಮತ್ತೆ ಕರೆದು ರಕ್ತ ತೆಗೆದರು. ಆಮೇಲೆ ಸ್ಕ್ಯಾನ್ ಮಾಡಿಸಿದರು. ಆಮೇಲೆ ಗ್ರಂಥಿಯ ಚೂರು ತೆಗೆದು ನೋಡಿದರು. ಕ್ಯಾನ್ಸರ್ ಎಂದರು. ಈ ದಿನಗಳಲ್ಲಿ ಅವನು ಕ್ಲಬ್ಬಿಗೆ ಬಂದರೂ ಕೂತ ಜಾಗದಿಂದ ಏಳುತ್ತಿರಲಿಲ್ಲ. ಸಣ್ಣ ಸಣ್ಣ ಶಬ್ದ ಇಡುತ್ತಿದ್ದ. ಅವನು ಸೋಲುವುದನ್ನು ನೋಡಿಯೇ ಅವನಿಗೆ ಏನೋ ಆಗಿದೆ ಎಂದು ನಮಗೆಲ್ಲ ಗೊತ್ತಾದದ್ದು.

ದೊಡ್ಡಾಸ್ಪತ್ರೆಯಲ್ಲಿ ನಡೆದದ್ದನ್ನು ನನಗೆ ಹೇಳಿದವಳು ಅವನ ಹೆಂಡತಿ ಮೈರಾ. ತಜ್ಞರು ಡಾಕ್ಟರ್ ಅಡೆಯೆಮಿ ಎಂಬುವರು, ಬಹಳ ನಿಧಾನದ ಮನುಷ್ಯ. ಚಿಕಿತ್ಸೆ ಯಾವುದೆಂದು ಗೊತ್ತುಮಾಡುವ ಮುಂಚೆ ಮತ್ತೆ ಮೊದಲಿನಿಂದ ವಿಚಾರಿಸಿದರು.

"ರಾತ್ರಿ ಎಷ್ಟು ಸಲ ಏಳ್ತೀರಿ?"

"ಏಳಲ್ಲ."

"ಹಗಲಲ್ಲಿ ತೊಂದ್ರೆ?"

"ಇಲ್ಲ."

"ಹತ್ತು ನಿಮಿಷಕ್ಕೊಂದ್ಸಲ ಹೋಗ್ಬೇಕಾಗತ್ತೆ ಅಂತ ಇಲ್ಲಿದೆಯಲ್ಲ?"

"ಅದು ಬುಧವಾರ ಮಾತ್ರ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಬುಧವಾರ ಮಾತ್ರವೇ?"

"ಮಧ್ಯಾಹ್ನದ ಮೇಲೆ."

"ಮಿಸ್ಟರ್ ಹೆಪ್‌ವರ್ತ್, ಮೂವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ವಾರ ನೋಡ್ಕೊಂಡು ಬರೋ ಮೂತ್ರ ನಾನು ಕೇಳಿಲ್ಲ."

ಮೈರಾ ಗಂಡನ ಕಡೆ ತಿರುಗಿದಳು. "ಸೆಡ್ರಿಕ್, ಡಾಕ್ಟ್ರಿಗೆ ನಿಜ ಹೇಳು."

ಸೆಡ್ರಿಕ್ ಕೈಯಲ್ಲಿದ್ದ ಟೋಪಿಯನ್ನು ಒಂದು ಸುತ್ತು ತಿರುಗಿಸಿದನಂತೆ. "ಯು ಇರ್ಲಿಲ್ಲ," ಎಂದ.

"ಯಾರು ಇರ್ಲಿಲ್ಲ?" ಎಂದರು ಡಾಕ್ಟರ್.

"ಯು ಅಕ್ಷರ. ಕೈಗೆ ಕ್ಯೂ ಬಂದಿರ್ತಿತ್ತು, ಯು ಇರ್ತಿರ್ಲಿಲ್ಲ. ಒಳಗೆ ಹೋಗಿ ಫೋನಲ್ಲಿ ಹುಡುಕ್ತಿದ್ದೆ."

ಅಡೆಯೆಮಿಯವರು ನಗು ತಡೆಯಲು ಕಿಟಕಿಯ ಹೊರಗೆ ನೋಡಿದರು. ಆಮೇಲೆ ಈ ಕಡೆ ತಿರುಗಿ ಹೇಳಿದರು: "ನೋಡಿ, ಲಕ್ಷಣ ಕಾಣಿಸ್ಲಿ ಅಂತ ಕಾದಿದ್ರೆ ನೀವು ನನ್ನ ಹತ್ರ ಬರೋದು ಬಹಳ ತಡ ಆಗ್ತಿತ್ತು. ಈಗ ಗಡ್ಡೆ ಚಿಕ್ಕದು, ಗ್ರಂಥಿಯೊಳಗೇ ಇದೆ. ವಾಸಿ ಮಾಡ್ಬಹುದು. ಮೋಸ ಮಾಡಿದ್ದು ಒಳ್ಳೇದಾಯ್ತು ಅಂತ ಡಾಕ್ಟರಾಗಿ ನಾನು ಹೇಳೋ ಹಾಗಿಲ್ಲ. ಹೇಳ್ತಾನೂ ಇಲ್ಲ."

ವಾಪಸ್ ಬಂದು ಮನೆಯ ಮುಂದೆ ಕಾರು ನಿಂತ ಮೇಲೆ ಮೈರಾಗೆ ಸಿಟ್ಟು ಬಂತು, ಕ್ಯಾನ್ಸರಿನ ಮೇಲಲ್ಲ.

"ನಾನೂ ಕ್ಲಬ್ಬಿಗೆ ಬರ್ತೀನಿ ಅಂದಾಗೆಲ್ಲ ಏನಂತಿದ್ದೆ? 'ನಿನಗೆ ಶಬ್ದ ಸಾಲದು ಮೈರಾ, ನನ್ನ ಮರ್ಯಾದೆ ಹೋಗತ್ತೆ.' ಇಷ್ಟು ವರ್ಷ ನಾನು ಮನೇಲಿ ಕೂತು ಹೆಣಿಗೆ ಹಾಕಿದೆ. ನೀನು ಕಕ್ಕಸಲ್ಲಿ ಕೂತು ಫೋನ್ ಒತ್ತಿದೆ!"

ಸೆಡ್ರಿಕ್ ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದ. "ಭಯ ಆಗ್ತಿದೆ ಮೈರಾ," ಎಂದ. ಮದುವೆಯಾದಂದಿನಿಂದ ಆ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲಂತೆ. ಅವಳು ಸಿಟ್ಟನ್ನು ಅಲ್ಲೇ ಬಿಟ್ಟು ಅವನ ಕೈ ಹಿಡಿದುಕೊಂಡಳು. ಪಕ್ಕದ ಮನೆಯವರು ಪರದೆ ಸರಿಸಿ ನೋಡಿದರೂ ಬಿಡಲಿಲ್ಲ.

ಮುಂದಿನ ಬುಧವಾರ ಸೆಡ್ರಿಕ್ ಹಾಲ್‌ನ ನಡುವೆ ನಿಂತು ಎಲ್ಲ ಹೇಳಿದ. ರೋಗದ ವಿಷಯ, ಫೋನಿನ ವಿಷಯ, ಟಿ.ವಿ. ರಿಮೋಟಿನ ವಿಷಯ, ಯಾವುದನ್ನೂ ಬಿಡಲಿಲ್ಲ. ಇನ್ನು ಉಳಿದವರೂ ಒಬ್ಬೊಬ್ಬರಾಗಿ ಎದ್ದು ಒಪ್ಪಿಕೊಳ್ಳುತ್ತಾರೆ, ಎಲ್ಲರೂ ಒಟ್ಟಿಗೆ ನಗುತ್ತಾರೆ ಎಂದು ನಾನು ಕೇಕ್ ಬೇರೆ ಕತ್ತರಿಸಿಟ್ಟಿದ್ದೆ.

"ಛೆ ಛೆ ಛೆ," ಎಂದ ಹಂಫ್ರಿ. "ಸೆಡ್ರಿಕ್, ನೀನಾ?"

"ನಮ್ಮ ಕ್ಲಬ್ಬಲ್ಲಿ ಇಂಥದ್ದಾ!" ಎಂದು ಕೋಟಿನ ಕೋಣೆಯ ಹೆಂಗಸರು ಎದೆಯ ಮೇಲೆ ಕೈ ಇಟ್ಟುಕೊಂಡರು.

ಹಂಫ್ರಿಯ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯಾಯಿತು. ಸೆಡ್ರಿಕ್‌ನನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿದರು, ಅವನ ಕಾಯಿಲೆಗೆ ಕ್ಲಬ್ಬಿನ ಪರವಾಗಿ ಹೂವು ಕಳಿಸಿದರು. ಎರಡಕ್ಕೂ ಒಂದೇ ಸಭೆಯಲ್ಲಿ ಕೈ ಎತ್ತಿದರು. ಜೊತೆಗೆ ಹೊಸ ನಿಯಮ ಬಂತು: ಆಟದ ನಡುವೆ ಯಾರೂ ಶೌಚಾಲಯಕ್ಕೆ ಹೋಗುವ ಹಾಗಿಲ್ಲ. ಮೋಸವನ್ನು ಬೇರುಸಹಿತ ಕಿತ್ತುಹಾಕಿದ್ದೇವೆ ಎಂದು ಹಂಫ್ರಿ ಘೋಷಿಸಿದಾಗ ಬ್ರಾನ್ವೆನ್ ಎದ್ದು ನಿಂತಳು.

"ನನ್ನನ್ನ ಪೆದ್ದಿ ಮಾಡಿದ್ರಲ್ಲ ನೀವೆಲ್ಲ, ಅದನ್ನ ಕ್ಷಮಿಸ್ತೀನಿ. ಆದ್ರೆ ಮಿಸ್ಟರ್ ಟಟಲ್, ನಿಮಗೆ ಕೊಟ್ಟಿದ್ದ ಜಗ್ಗು ವಾಪಸ್ ಕೊಡಿ. ಅದು ಸರ್ಕಾರದ ಆಸ್ತಿ."

ಸೆಡ್ರಿಕ್‌ಗೆ ವಿಕಿರಣ ಚಿಕಿತ್ಸೆ ಶುರುವಾಯಿತು. ಅದು ರೋಗವನ್ನು ಸುಡುವಾಗ ಮೂತ್ರಕೋಶವನ್ನೂ ಸ್ವಲ್ಪ ಕೆರಳಿಸುತ್ತದಂತೆ. ಈಗ ಅವನಿಗೆ ನಿಜವಾಗಿಯೂ ಹತ್ತತ್ತು ನಿಮಿಷಕ್ಕೆ ಹೋಗಬೇಕಾಯಿತು. ಅವನು ಎದ್ದೊಡನೆ ಹಂಫ್ರಿ ನಿಯಮ ಓದಿ ಹೇಳುತ್ತಿದ್ದ.

"ಹಂಫ್ರಿ, ಈ ಸಲ ನಿಜವಾಗ್ಲೂ ಕಣೋ."

"ನಿಯಮ ಎಲ್ರಿಗೂ ಒಂದೇ ಸೆಡ್ರಿಕ್. ನೀನೇ ಹೇಳ್ತಿದ್ದೆ."

ಬ್ರಾನ್ವೆನ್ ಅದಕ್ಕೂ ದಾರಿ ಮಾಡಿದಳು. ಅವನು ಎದ್ದಾಗಲೆಲ್ಲ ಅವಳೂ ಎದ್ದು, ಎಲ್ಲರ ಮುಂದೆ ಅವನ ಜೇಬು ತಡವಿ, ಬಾಗಿಲ ತನಕ ಜೊತೆಗೆ ಹೋಗಿ ಹೊರಗೆ ಕಾವಲು ನಿಲ್ಲುತ್ತಿದ್ದಳು. "ನೀರಿನ ಸದ್ದು ಕೇಳಿಸ್ತು, ಶಬ್ದ ಹುಡುಕೋ ಸದ್ದಲ್ಲ," ಎಂದು ಬಂದು ವರದಿ ಒಪ್ಪಿಸುತ್ತಿದ್ದಳು. ಸೆಡ್ರಿಕ್‌ಗೆ ಮೊದಮೊದಲು ಜೀವ ಹೋದಂತಾಗುತ್ತಿತ್ತು. ಆಮೇಲೆ ಬಾಗಿಲ ಒಳಗಿನಿಂದಲೇ ಅವಳ ಜೊತೆ ಹರಟೆ ಹೊಡೆಯತೊಡಗಿದ. ತನಗೆ ಚಿಕಿತ್ಸೆಯ ಯಂತ್ರದ ಕೆಳಗೆ ಮಲಗಿದಾಗ ಏನು ಯೋಚನೆ ಬರುತ್ತದೆ ಎಂಬುದನ್ನು ಅವನು ಮೊದಲು ಹೇಳಿದ್ದು ಆ ಬಾಗಿಲ ಹಿಂದಿನಿಂದಲೇ. ಅವಳು ತನ್ನ ಗಂಡನ ಕೊನೆಯ ದಿನಗಳನ್ನು ಹೇಳಿದ್ದೂ ಅದೇ ಬಾಗಿಲಿಗೆ.

ಚಿಕಿತ್ಸೆ ಮುಗಿದು ರಕ್ತ ಪರೀಕ್ಷೆ ಚೆನ್ನಾಗಿ ಬಂದ ಹೊತ್ತಿಗೆ ಹಾರ್ನ್‌ಥಾರ್ಪ್ ಪಂದ್ಯವೂ ಬಂತು. ನಾವು ಅವರ ಊರಿಗೆ ಹೋದೆವು. ಈ ಸಲ ಮೈರಾಳೂ ತಂಡದಲ್ಲಿದ್ದಳು. ಶಬ್ದ ಸಾಲದವಳು ಅರ್ಥ ಗೊತ್ತಿರುವ ಶಬ್ದಗಳನ್ನೇ ಜೋಡಿಸಿ ಹಂಫ್ರಿಯನ್ನು ಎರಡು ವಾರ ಸತತವಾಗಿ ಸೋಲಿಸಿ ಜಾಗ ಗಿಟ್ಟಿಸಿದ್ದಳು. ಆದರೆ ಪಂದ್ಯದಲ್ಲಿ ನಾವು ಮಣ್ಣು ಮುಕ್ಕಿದೆವು. ಹಾರ್ನ್‌ಥಾರ್ಪ್‌ನವರು ಕಂಡುಕೇಳರಿಯದ ಶಬ್ದಗಳನ್ನು ಸುರಿಯುತ್ತಿದ್ದರು. ಒಂದೊಂದು ಶಬ್ದ ಸುರಿಯುವ ಮುಂಚೆಯೂ ಒಬ್ಬ ಎದ್ದು, "ಒಂದ್ನಿಮಿಷ, ಈಗ ಬಂದೆ," ಎಂದು ಶೌಚಾಲಯದ ಒಳಗೆ ಹೋಗುತ್ತಿದ್ದ.

ಹಂಫ್ರಿಗೆ ಕಣ್ಣು ಕೆಂಪಾಯಿತು. "ಕಳ್ಳರು! ನಾನೀಗ್ಲೇ ದೂರು ಕೊಡ್ತೀನಿ."

"ಸುಮ್ನಿರಿ," ಎಂದಳು ಬ್ರಾನ್ವೆನ್. ಮುಖದಲ್ಲಿ ದಾದಿಯ ಗಾಂಭೀರ್ಯ ತಂದುಕೊಂಡು ಎದ್ದು, ಹಾರ್ನ್‌ಥಾರ್ಪ್ ಅಧ್ಯಕ್ಷನ ಹೆಗಲ ಮೇಲೆ ಕೈ ಇಟ್ಟಳು. ಸೆಡ್ರಿಕ್ಕೂ ಹೋಗಿ ಅವಳ ಪಕ್ಕ ನಿಂತ.

"ನಾಚ್ಕೋಬೇಡಿ," ಎಂದ ಸೆಡ್ರಿಕ್, ಬಹಳ ಮೃದುವಾಗಿ. "ನಾನೂ ನಿಮ್ಮ ಹಾಗೇ ಓಡಾಡ್ತಿದ್ದೆ. ಮುಂದಿನ ಬುಧವಾರ ಎಲ್ರೂ ನಮ್ಮೂರಿಗೆ ಬನ್ನಿ. ಒಂದು ಸೂಜಿ, ಅಷ್ಟೆ. ತಪ್ಪಿಸ್ಕೊಂಡ್ರೆ ಇವರು ನಿಮ್ಮ ಮನೆಗೆ ಫೋನ್ ಮಾಡ್ತಾರೆ."

ಹಾರ್ನ್‌ಥಾರ್ಪ್ ಅಧ್ಯಕ್ಷ ತನ್ನವರ ಮುಖ ನೋಡಿದ. ಅವರು ಇವನ ಮುಖ ನೋಡಿದರು. ಯಾರಾದರೂ ನಿಜ ಹೇಳಬಹುದೇನೋ ಎಂದು ನಾವು ಸ್ವಲ್ಪ ಹೊತ್ತು ಕಾದೆವು.

"ಎಷ್ಟು ಗಂಟೆಗೆ ಬರ್ಬೇಕು?" ಎಂದ ಅವನು.